ಸಭೆಯ ಹಾಡುಗಳಿಗೆ ನಾನು ಪರೀಕ್ಷಕನಾದದ್ದು

ಹಾಡಲು ಬಾರದವನಿಗೆ ಹಾಡಿನಲ್ಲಿ ಹುಳುಕು ಹುಡುಕುವ ಕೆಲಸ ಬಹಳ ಬೇಗ ಒಗ್ಗುತ್ತದೆ. ಇದನ್ನು ಯಾರನ್ನೋ ಹಂಗಿಸಲು ಹೇಳುತ್ತಿಲ್ಲ, ನನ್ನನ್ನೇ ನೋಡಿ ಹೇಳುತ್ತಿದ್ದೇನೆ. ನನ್ನ ಕಂಠ ಎಂಥದ್ದೆಂದರೆ, ಆರಾಧನೆಯಲ್ಲಿ ಮನಸಾರೆ ಸ್ತುತಿಸೋಣವೆಂದು ಬಾಯಿ ತೆರೆದರೆ ಮುಂದಿನ ಬೆಂಚಿನವರು ತಿರುಗಿ ನೋಡುತ್ತಾರೆ. ಹಾಗಾಗಿ ಎಷ್ಟೋ ವರ್ಷಗಳಿಂದ ಹಾಡುವ ಹೊತ್ತಿಗೆ ತುಟಿ ಮಾತ್ರ ಅಲ್ಲಾಡಿಸುತ್ತ, ಗೋಡೆಯ ಪರದೆಯ ಮೇಲೆ ಮೂಡುವ ಪದಗಳನ್ನು ಓದುತ್ತ ನಿಲ್ಲುತ್ತೇನೆ. ಸುಮ್ಮನೆ ಓದುತ್ತ ನಿಂತವನಿಗೆ ತಪ್ಪು ಕಾಣದೆ ಇರುತ್ತದೆಯೆ? ಅದರಲ್ಲೂ ನನ್ನ ನೌಕರಿ ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ. ಅಹಮದಾಬಾದಿನ ನವರಂಗಪುರಾದಲ್ಲಿ ಕೂತು, ಜನ ಬರೆದುಕೊಟ್ಟ ಕಷ್ಟವನ್ನು ಯಾವ ಷರತ್ತಿನ ಕೆಳಗೆ ತಳ್ಳಿಹಾಕಬಹುದು ಎಂದು ನೋಡುವುದೇ ನನಗೆ ಅನ್ನ ಹಾಕಿದ ವಿದ್ಯೆ. ಆ ವಿದ್ಯೆಯನ್ನು ದೇವರ ಮನೆಗೂ ಹೊತ್ತುಕೊಂಡು ಹೋದೆನಲ್ಲ, ಅದನ್ನು ನೆನೆದರೆ ಈಗ ತಲೆ ಎತ್ತಲಾಗುವುದಿಲ್ಲ.

ಮಣಿನಗರದಲ್ಲಿ ನಮ್ಮದೊಂದು ಸಣ್ಣ ಕನ್ನಡ ಸಭೆ ಇದೆ. ಹುಬ್ಬಳ್ಳಿ, ಗದಗ, ಬೆಟಗೇರಿ ಕಡೆಯಿಂದ ರೈಲ್ವೆ, ಬ್ಯಾಂಕು, ಕಾರ್ಖಾನೆ ಅಂತ ಬಂದು ಅಹಮದಾಬಾದಿನಲ್ಲಿ ನೆಲೆ ನಿಂತ ಕ್ರೈಸ್ತ ಮನೆತನಗಳು. ಬೆಳಿಗ್ಗೆ ಗುಜರಾತಿ ಸಭೆಯವರು ಆರಾಧನೆ ಮುಗಿಸಿ ಹೊರಟ ಮೇಲೆ ಅದೇ ಹಾಲಿನಲ್ಲಿ ನಮ್ಮದು ಶುರು. ಅಯ್ಯನವರು, ಅಂದರೆ ನಮ್ಮ ಪಾಸ್ಟರು, ವಡೋದರಾದಿಂದ ರೈಲಿನಲ್ಲಿ ಬರುತ್ತಾರೆ. ಹಿರಿಯರಿಗೆ ಹಳೆಯ ಸಂಗೀತ ಪುಸ್ತಕದ ಹಾಡೇ ಆಗಬೇಕು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೋ ಕನ್ನಡ ಓದಲು ಬಾರದು. ಫೋನಿನಲ್ಲಿ ಕೇಳಿದ ಹೊಸ ಹಾಡುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು, ಗಿಟಾರ್ ಹಿಡಿದು ಹಾಡುತ್ತಾರೆ. ಒಂದು ಭಾನುವಾರ ಅವರು ಹಾಡಿದ ಹಾಡಿನಲ್ಲಿ ‘ನಿನ್ನ ಕಣ್ಣಲ್ಲೇ ನನ್ನ ಮನೆ’ ಎಂಬುದರ ಹೊರತು ಬೇರೇನೂ ಇರಲಿಲ್ಲ. ಮುಗಿದ ಮೇಲೆ ಚಹಾ ಕುಡಿಯುವಾಗ ನಾನು ಎಲ್ಲರಿಗೂ ಕೇಳುವಂತೆ, “ಇದನ್ನ ಯೇಸುಸ್ವಾಮಿಗೆ ಹಾಡಿದ್ರೋ, ಕಾಲೇಜಿನ ಹುಡುಗಿಗೆ ಹಾಡಿದ್ರೋ?” ಎಂದೆ. ಹಿರಿಯರು ಗೊಳ್ಳೆಂದು ನಕ್ಕರು, ಮಕ್ಕಳ ಮುಖ ಚಿಕ್ಕದಾಯಿತು. ಅಯ್ಯನವರು ಜಗಳ ಬೆಳೆಯಬಾರದೆಂದು, “ಹಂಗಾರ ಇನ್ಮ್ಯಾಲೆ ಹೊಸ ಹಾಡು ಯಾವ್ದ ಇರ್ಲಿ, ಸಾಹೇಬ್ರು ಒಮ್ಮೆ ಸತ್ಯವೇದಕ್ಕ ಹೊಂದಿಸಿ ನೋಡ್ಲಿ. ಆಮ್ಯಾಲೆ ಹಾಡೂಣು,” ಎಂದರು. ನನ್ನ ಬಾಯಿ ಮುಚ್ಚಿಸಲು ಕೊಟ್ಟ ಕೆಲಸವನ್ನು ನಾನು ಪದವಿ ಎಂದುಕೊಂಡೆ.

ಅಲ್ಲಿಂದ ನನ್ನ ದರ್ಬಾರು ಶುರುವಾಯಿತು. ಮಕ್ಕಳು ವಾರದ ನಡುವೆ ಹಾಡಿನ ಪದಗಳನ್ನು ವಾಟ್ಸಾಪಿಗೆ ಕಳಿಸಬೇಕು. ನಾನು ಊಟದ ಮೇಜಿನ ಮೇಲೆ ಸತ್ಯವೇದ ಬಿಚ್ಚಿಟ್ಟು, ಕನ್ನಡಕ ಏರಿಸಿ, ಸಾಲು ಸಾಲಿಗೂ ‘ಇದಕ್ಕೆ ಆಧಾರ ವಚನ ಯಾವುದು?’ ಎಂದು ಕೇಳಬೇಕು. ಕೆಲವು ಸಲ ನಾನು ಹೇಳಿದ್ದು ಸರಿಯೇ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ನಂಬಿದರೆ ಸಾಕು, ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂದು ಭರವಸೆ ಕೊಡುವ ಒಂದು ಹಾಡನ್ನು ತಡೆದೆ. ಅಪೊಸ್ತಲ ಪೌಲನೇ ತನ್ನ ಮೈಯ ಮುಳ್ಳಿನಂಥ ಕಾಯಿಲೆಯನ್ನು ತೆಗೆಯೆಂದು ದೇವರನ್ನು ಬೇಡಿ, ಫಲಿಸದೆ ಸುಮ್ಮನಾದವನು. ಅಷ್ಟಕ್ಕೇ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ರುಚಿ ಹತ್ತಿಬಿಟ್ಟಿತ್ತು. ಒಂದು ಹಾಡಿನಲ್ಲಿ ದೇವರ ಹೆಸರೇ ಇಲ್ಲವೆಂದು ತಿರಸ್ಕರಿಸಿದೆ. ಅಡುಗೆಮನೆಯಿಂದ ನನ್ನ ಹೆಂಡತಿ ಸುಗುಣಾ, “ಎಸ್ತೇರಳ ಪುಸ್ತಕದಾಗ ದೇವರ ಹೆಸರು ಎಲ್ಲೈತ್ರಿ? ಅದನ್ನೂ ಸತ್ಯವೇದದಿಂದ ಹರದ್ ಒಗೀರಿ,” ಎಂದಳು. ಇನ್ನೊಂದರಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆಂದು ಆಕ್ಷೇಪಿಸಿದೆ. “ಕೀರ್ತನೆಯೊಳಗ ಕೃಪೆ ಶಾಶ್ವತ ಅಂತ ಪ್ರತಿ ವಚನಕ್ಕೂ ಬರತೈತಲ್ಲ, ಅದನ್ನ ಬರದಾವಗೂ ಮಾರ್ಕ್ಸ್ ಕಡಿಮಿ ಮಾಡ್ರಿ,” ಎಂದಳು. ಹೆಂಗಸರಿಗೆ ಸಿದ್ಧಾಂತದ ಸೂಕ್ಷ್ಮ ತಿಳಿಯದು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿ ಬಿಟ್ಟು ಹೇಳುವಷ್ಟು ದಡ್ಡ ನಾನಲ್ಲ.

ಹೀಗಿರುವಾಗ ರೂತ್ ಒಂದು ಹಾಡು ಕಳಿಸಿದಳು. ರೂತ್ ಕಾಲೇಜಿಗೆ ಹೋಗುವ ಹುಡುಗಿ. ಅವಳ ತಂದೆ ಸಮುವೇಲಣ್ಣ ವಟ್ವಾದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ತಾಯಿ ಇಲ್ಲ. ಸಮುವೇಲಣ್ಣನ ಹೃದಯದ ಕವಾಟ ಕೆಟ್ಟು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬರುವಂತಾಗಿ ಆಸ್ಪತ್ರೆ ಸೇರಿದ್ದರು. ಎದೆ ತೆರೆದು ಆಪರೇಷನ್ ಮಾಡಬೇಕು, ಗ್ಯಾರಂಟಿ ಕೊಡಲಾರೆವು ಎಂದು ಡಾಕ್ಟರು ಹೇಳಿದ್ದರು. ರೂತ್ ಫೋನ್ ಮಾಡಿ, “ಅಂಕಲ್, ಈ ಸಾಂಗ್ ನಾನೇ ಮಾಡಿದ್ದು, ಕನ್ನಡದಾಗ ಫಸ್ಟ್ ಟೈಮ್. ಆಪರೇಷನ್ ಮೊದ್ಲು ಪಪ್ಪಾಗೆ ಎಲ್ಲರೂ ಸೇರಿ ಇದನ್ನ ಹಾಡೋದು ಕೇಳ್ಬೇಕಂತೆ. ನಾನು ರೆಕಾರ್ಡ್ ಮಾಡಿ ಕೇಳಿಸ್ತೀನಿ,” ಎಂದಳು. ಹಾಡು ಪುಟ್ಟದು. ‘ಬಾಗಿಲು ಬಡಿದು ಕೈ ನೊಂದಿತು, ಮಲಗಿರುವೆಯಾ ಸ್ವಾಮಿ? ಉಸಿರು ಕಟ್ಟುವ ಹೊತ್ತಾಯಿತು, ಎದ್ದು ಬಾರೋ ಸ್ವಾಮಿ’ ಅಂತ.

ಓದಿ ನನಗೆ ಮೈಯೆಲ್ಲ ಹುರುಪು ಬಂತು. ಸಿಕ್ಕಿಬಿದ್ದಿತಲ್ಲ! ದೇವರು ಮಲಗುತ್ತಾನೆಯೆ? ಇಸ್ರಾಯೇಲನ್ನು ಕಾಯುವವನು ತೂಕಡಿಸುವುದೂ ಇಲ್ಲ, ನಿದ್ರಿಸುವುದೂ ಇಲ್ಲ ಎಂದು ಸತ್ಯವೇದದ ಕೀರ್ತನೆಯಲ್ಲೇ ಕಡ್ಡಿ ಮುರಿದಂತೆ ಬರೆದಿದೆ. ಅದಲ್ಲದೆ ದೇವರನ್ನು ‘ಬಾರೋ’ ಎನ್ನುವ ಸಲಿಗೆ ಬೇರೆ. ಪೂರ್ತಿ ತಳ್ಳಿಹಾಕಿದರೆ ಪಾಪ, ಹುಡುಗಿ ನೊಂದುಕೊಳ್ಳುತ್ತಾಳೆಂದು, ದೊಡ್ಡ ಮನಸ್ಸು ಮಾಡಿ ನಾನೇ ತಿದ್ದಿದೆ. ‘ಬಾಗಿಲು ತೆರೆದು ಕಾದಿರುವೆ, ನಿದ್ರಿಸದಿರುವ ಸ್ವಾಮಿ, ಉಸಿರು ಉಸಿರಲೂ ನಿನ್ನ ಸ್ತುತಿಯು, ಸ್ತೋತ್ರವು ನಿನಗೆ ಸ್ವಾಮಿ.’ ತಾಳ ಎಲ್ಲೂ ಎಡವದಂತೆ ಕೂರಿಸಿದೆನೆಂದು ಬೀಗಿದೆ ಬೇರೆ. ರೂತ್ ಅದನ್ನು ಓದಿದಳು. ಆಮೇಲೆ, “ಪಪ್ಪಾ ಬೇರೆ ಥರಾ ಅಂದಿದ್ರು ಅಂಕಲ್. ಬಟ್ ಠೀಕ್ ಹೈ, ಚಾಲಶೆ,” ಎಂದು ಕಳಿಸಿದಳು. ನಡೆಯುತ್ತದೆ ಬಿಡಿ ಎಂದು ಗುಜರಾತಿಗಳು ದಿನಕ್ಕೆ ನೂರು ಸಲ ಹೇಳುವ ಮಾತು ಅದು. ಅದನ್ನು ನಾನು ಒಪ್ಪಿಗೆಯೆಂದೇ ತಿಳಿದೆ. ಆ ಭಾನುವಾರ ಸಭೆ ನನ್ನ ಹಾಡನ್ನು ಹಾಡಿತು. ಎಲ್ಲರೂ ಚೆನ್ನಾಗಿದೆ ಎಂದರು. ರೂತ್ ಫೋನ್ ಹಿಡಿದು ರೆಕಾರ್ಡ್ ಮಾಡಿಕೊಂಡಳು. ಅವಳು ಮಾತ್ರ ಹಾಡಲಿಲ್ಲ. ಫೋನ್ ಹಿಡಿದಿದ್ದಾಳಲ್ಲ, ಅದಕ್ಕೇ ಎಂದು ನಾನೇ ಸಮಾಧಾನ ಹೇಳಿಕೊಂಡೆ.

ಮುಂದಿನ ಭಾನುವಾರ ಸತ್ಯವೇದ ಓದುವ ಪಾಳಿ ನನ್ನದು. ನಮ್ಮಲ್ಲಿ ಕೀರ್ತನೆಯನ್ನು ಸರದಿಯಂತೆ ಓದುತ್ತೇವೆ: ಮುಂದೆ ನಿಂತವನದು ಒಂದು ವಚನ, ಇಡೀ ಸಭೆಯದು ಒಂದು ವಚನ. ಯಾವ ವಾರ ಯಾವ ಕೀರ್ತನೆ ಎಂಬುದು ಮೊದಲೇ ಗೊತ್ತುಮಾಡಿದ್ದು. ಮನೆಯಲ್ಲಿ ಒಮ್ಮೆ ಓದಿಕೊಂಡು ಬರಬೇಕು. ಊರಿನ ಹಾಡನ್ನೆಲ್ಲ ಪರೀಕ್ಷಿಸುವವನಿಗೆ ಅದೆಲ್ಲ ಬೇಕೆ? ಎದೆಯುಬ್ಬಿಸಿ ನಿಂತು ಶುರುಮಾಡಿದೆ. ಹಿರಿಯರ ಕಾಲದ ಹಿರಿಮೆ ಬಂತು, ಸೋಲು ಬಂತು, ನೆರೆಯವರ ಹಂಗಿಸುವ ಮಾತು ಬಂತು. ಕೊನೆಗೆ ನನ್ನ ಸರದಿಯಲ್ಲೇ ಅದು ಬಂತು. ಕೀರ್ತನೆಗಾರ ಯಾವ ಮುಲಾಜೂ ಇಲ್ಲದೆ ದೇವರನ್ನು ಕೇಳಿದ್ದ: ಏಕೆ ನಿದ್ರೆ ಮಾಡುತ್ತೀ ಸ್ವಾಮಿ, ಎದ್ದೇಳು ಎಂದು. ಕೆಮ್ಮಿದೆ. ಕನ್ನಡಕ ಒರೆಸಿದೆ. ಈ ಒಂದು ವಚನ ಬಿಟ್ಟು ಮುಂದಕ್ಕೆ ಜಿಗಿದರೆ ಹೇಗೆ ಎಂಬ ಯೋಚನೆಯೂ ಬಂತು, ಸುಳ್ಳೇಕೆ ಹೇಳಲಿ. ಆದರೆ ಇಡೀ ಸಭೆ ತನ್ನ ಸರದಿಗಾಗಿ ಬೆರಳಿಟ್ಟುಕೊಂಡು ಕಾಯುತ್ತಿತ್ತು. ಓದಿದೆ. ರೂತ್ ತಲೆ ಎತ್ತಿ ನೋಡಿದಳು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳ ಕಣ್ಣಲ್ಲಿ ನೀರಿತ್ತು.

ಆಗಲೇ, ಆ ಜಾಗದಲ್ಲೇ, ‘ನನ್ನಿಂದ ತಪ್ಪಾಯಿತು, ಈಗಲೇ ಆ ಮಗುವಿನ ಹಾಡನ್ನು ಅವಳು ಬರೆದ ಹಾಗೆಯೇ ಹಾಡೋಣ’ ಎಂದುಬಿಡಬಹುದಿತ್ತು. ಸಭೆ ಇತ್ತು, ಗಿಟಾರ್ ಇತ್ತು, ರೂತಳ ಕೈಯಲ್ಲಿ ಫೋನೂ ಇತ್ತು. ನಾನು ಅನ್ನಲಿಲ್ಲ. ಪುಸ್ತಕ ಮುಚ್ಚಿ, ಬಂದು ಬೆಂಚಿನ ತುದಿಯಲ್ಲಿ ಕೂತೆ. ಮಾನ ಹೋಗುತ್ತದೆಂಬ ಹೆದರಿಕೆ. ಆರಾಧನೆ ಮುಗಿಯುತ್ತಲೇ ರೂತ್ ಚಹಾಕ್ಕೂ ನಿಲ್ಲದೆ ಆಸ್ಪತ್ರೆಗೆ ಹೋದಳು. ಆಪರೇಷನ್ ಮರುದಿನ ಬೆಳಿಗ್ಗೆಯೇ ಎಂದು, ಅಯ್ಯನವರು ರೈಲಿಗೆ ಹೊರಡುತ್ತ ಪ್ರಾರ್ಥಿಸಿರೆಂದು ಹೇಳಿದಾಗಲೇ ನನಗೆ ತಿಳಿದದ್ದು. ಅಷ್ಟರಲ್ಲಿ ಜನರೆಲ್ಲ ಚದುರಿಹೋಗಿದ್ದರು.

ಆಟೋ ಹಿಡಿದು ಸುಗುಣಾಳೊಂದಿಗೆ ಮನೆಗೆ ಬಂದೆ. ಮನೆಯ ಮೆಟ್ಟಿಲು ಹತ್ತುವಾಗ, “ದೋಣಿಯೊಳಗ ನೀರು ತುಂಬಿದಾಗ ಯೇಸುಸ್ವಾಮಿ ಶಿಷ್ಯರು ಏನ್ ಮಾಡಿದ್ರು? ಸ್ತೋತ್ರ ಹಾಡಿದ್ರೇನ್ರಿ? ಮಲಗಿದ್ದ ಸ್ವಾಮಿನ್ನ ಹೊಡದ್ ಎಬ್ಬಿಸಿದ್ರು. ಸಂಡೇ ಸ್ಕೂಲ್ ಹುಡುಗ್ರಿಗೂ ಗೊತ್ತೈತಿ,” ಎಂದಳು. ನಾನು ಬೀಗ ತೆಗೆಯಲಿಲ್ಲ. “ನಡಿ, ಆಸ್ಪತ್ರೆಗೆ ಹೋಗೂಣು,” ಎಂದೆ. ಬಂದ ಮೆಟ್ಟಿಲನ್ನೇ ಇಳಿದೆವು.

ಆಪರೇಷನ್ ಸುಸೂತ್ರವಾಯಿತು, ಸಮುವೇಲಣ್ಣ ಈಗ ಮನೆಯಲ್ಲಿ ಗಂಜಿಗೆ ಉಪ್ಪಿಲ್ಲ ಎಂದು ಮಗಳ ಮೇಲೆ ರೇಗುವಷ್ಟು ಚೇತರಿಸಿಕೊಂಡಿದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮನ್ನೂ ಗೋಳು ಹೊಯ್ದುಕೊಳ್ಳುವ ಆಸೆ ನನಗಿಲ್ಲ. ಆದರೆ ಆ ಸಂಜೆ ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ದಿಂಬಿಗೆ ಒರಗಿ ಕೂತಿದ್ದ ಅವರು ನನ್ನನ್ನು ನೋಡಿ ಕೈ ಮುಗಿದರು. “ಹೋದ ವಾರದ ಹಾಡು ಕೇಳಿದೆ ಸಾಹೇಬ್ರ. ಎಲ್ಲಾರೂ ಛಲೋ ಹಾಡ್ಯಾರ. ಆದ್ರ ಅದು ನನ್ನ ಮಾತಲ್ರಿ. ಉಸಿರು ಸಿಗದಾಗ ನಾ ಒದರಿದ್ದನ್ನ ಈಕಿ ಹಾಡು ಮಾಡ್ಯಾಳ. ನಾ ಒಬ್ಬನ ಕರದ್ರ ಕೇಳಸಂಗಿಲ್ಲ, ಇಡೀ ಸಭೆ ಕರದ್ರ ಎದ್ದಾನು ಅಂತ ಆಸೆ ಇತ್ತು,” ಎಂದರು. ನಾನು ತಿದ್ದಿದ್ದು ಹಾಡನ್ನಲ್ಲ, ಸಾಯಲು ಹೆದರಿದ ಮನುಷ್ಯನ ಪ್ರಾರ್ಥನೆಯನ್ನು. ಕ್ಷಮಿಸಿ ಎಂದೆ. “ರೂತಮ್ಮಾ, ನಿನ್ನದು ಹಾಡವ್ವಾ. ಸಭೆ ಇಲ್ಲ, ನಾವಿಬ್ಬರು ಇದ್ದೀವಿ,” ಎಂದೆ.

ಅವಳು ಮೆಲ್ಲಗೆ ಶುರುಮಾಡಿದಳು, ಸುಗುಣಾ ದನಿಗೂಡಿಸಿದಳು. ತುಟಿ ಅಲ್ಲಾಡಿಸಿ ಪಾರಾಗುವ ದಿನ ಅದಾಗಿರಲಿಲ್ಲ. ನಾನೂ ಬಾಯಿ ತೆರೆದು, ಬಾರೋ ಸ್ವಾಮಿ ಎಂದು ಕೂಗಿದೆ. ಪಕ್ಕದ ಮಂಚದ ಗುಜರಾತಿ ಅಜ್ಜ ಗಾಬರಿಯಾಗಿ ಎದ್ದು ಕೂತ. ನರ್ಸ್ ಓಡಿಬಂದಳು. ಸಮುವೇಲಣ್ಣ ಮಾತ್ರ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ರೋಗಿಯನ್ನು ನೋಡಲು ಹೋದವರು ಹೊರಡುವ ಮುಂಚೆ ಪ್ರಾರ್ಥಿಸುವುದು ನಮ್ಮ ಪದ್ಧತಿ. ನಾನು ಕೈ ಜೋಡಿಸುವಷ್ಟರಲ್ಲಿ ಸಮುವೇಲಣ್ಣ, “ತಡೀರಿ ಸಾಹೇಬ್ರ, ಇವತ್ತ ನಿಮ್ಮ ಸಲುವಾಗಿ ನಾ ಮಾಡ್ತೀನಿ,” ಎಂದು ನನ್ನ ಕೈ ಹಿಡಿದು ಶುರುಮಾಡಿಯೇಬಿಟ್ಟರು. “ಕರ್ತನೇ, ಈ ಸಾಹೇಬ್ರು ನಿನ್ನ ವಾಕ್ಯ ಭಾಳ ಓದ್ಯಾರ. ಆದ್ರ ನೀ ಇವ್ರಿಗೆ ಇನ್ನೂ ಅಳು ಕೊಟ್ಟಿಲ್ಲ. ದೊಡ್ಡದು ಬ್ಯಾಡ ತಂದೇ, ಒಂದು ಸಣ್ಣ ತ್ರಾಸು ಕೊಡು. ನಿನ್ನ ಹೊಡದ್ ಎಬ್ಬಿಸೂವಷ್ಟು ಕೊಡು, ಸಾಕು.” ಸುಗುಣಾ ಎಲ್ಲರಿಗಿಂತ ಜೋರಾಗಿ ಆಮೆನ್ ಎಂದಳು. ಅಭ್ಯಾಸಬಲ, ನಾನೂ ಅಂದುಬಿಟ್ಟೆ. ಅಂದ ಮೇಲೆ ಹೊಳೆಯಿತು, ನನಗೆ ತ್ರಾಸು ಬರಲೆಂದು ನಾನೇ ಆಮೆನ್ ಹೇಳಿದ್ದೆ. ಅಂದಿನಿಂದ ಆ ಪ್ರಾರ್ಥನೆಯನ್ನು ತಳ್ಳಿಹಾಕಲು ಒಂದೇ ಒಂದು ವಚನ ಸಿಕ್ಕೀತೆ ಎಂದು ಸತ್ಯವೇದದಲ್ಲಿ ಆದಿಕಾಂಡದಿಂದ ಪ್ರಕಟನೆಯವರೆಗೆ ಹುಡುಕುತ್ತಿದ್ದೇನೆ. ಇನ್ನೂ ಸಿಕ್ಕಿಲ್ಲ.