ಮುಳ್ಳು ಕಿತ್ತ ಬಾಜಾ ಡಬ್ಬಿ

ಪೀರಪ್ಪ ಸ್ಟೇಶನ್ ಬಜಾರಿನ ಬಾಜಾ ಡಬ್ಬಿ ಕಂಪನಿಯಲ್ಲಿ ಕೆಲಸಕ್ಕಿದ್ದ. ಕಂಪನಿ ಎಂದರೆ ಒಬ್ಬ ಮಾಲೀಕ, ಒಬ್ಬ ಪೀರಪ್ಪ, ಕಾಲು ಮುರಿದ ಒಂದು ಮೇಜು, ಅಷ್ಟೇ. ಮದುವೆಯಲ್ಲಿ ಉಡುಗೊರೆ ಕೊಡಲು ಎಲೆಅಡಿಕೆ ಡಬ್ಬಿ ಮಾಡುತ್ತಿದ್ದರು. ಮುಚ್ಚಳ ತೆಗೆದರೆ ಒಳಗಿನ ಉರುಳೆ ತಿರುಗಿ, ಅದರ ಮೈಮೇಲಿನ ಮುಳ್ಳುಗಳು ಉಕ್ಕಿನ ಹಣಿಗೆಯ ಹಲ್ಲು ಮೀಟಿ ಹಾಡು ಬರುತ್ತಿತ್ತು. ಮಾಲೀಕನಿಗೆ ಕೂರಿಸಲು ಬರುತ್ತಿದ್ದದ್ದು ಒಂದೇ ಹಾಡು, ನಿಜಾಮ ಸರ್ಕಾರದ ರಾಜಗೀತೆಯಾದ ಸಲಾಮಿ. ಜಹಗೀರದಾರರು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಬಂದು ಒಯ್ಯುತ್ತಿದ್ದರು.

ಆಮೇಲೆ ದಿಲ್ಲಿಯ ಮಿಲ್ಟ್ರಿ ಬಂತು, ನಿಜಾಮ ಸರ್ಕಾರ ಹೋಯಿತು. ಮಾಲೀಕ ಡಬ್ಬಿಗಳನ್ನೆಲ್ಲ ಬಾವಿಗೆ ಸುರಿದು ಸೊಲ್ಲಾಪುರದ ಗಾಡಿ ಹತ್ತಿ ಮಾಯವಾದ. ಉಳಿದದ್ದು ಪೀರಪ್ಪನ ಮನೆಯಲ್ಲಿದ್ದ ಒಂದೇ ಡಬ್ಬಿ. ನಾದಿನಿಯ ಮದುವೆಗೆ ಅದನ್ನೇ ಉಡುಗೊರೆಯಾಗಿ ಕೊಟ್ಟು ಆಯೇರಿ ಮಾಡುತ್ತೇನೆಂದು ಅವನು ಕಮಲಾಪುರದ ಅತ್ತೆಯ ಮುಂದೆ ಎದೆ ತಟ್ಟಿ ಹೇಳಿದ್ದ. ಅತ್ತೆ ಭೀಮಬಾಯಿ ಬೀಗರಿಗೆಲ್ಲ ಸಾರಿ ಮುಗಿಸಿದ್ದಳು. ಮದುವೆ ಇವತ್ತೇ, ಗೋಧೂಳಿ ಮುಹೂರ್ತ.

ಡಬ್ಬಿ ಒಯ್ದರೆ ಜೇಲು, ಒಯ್ಯದಿದ್ದರೆ ಅತ್ತೆ. ಪೀರಪ್ಪ ಎರಡನ್ನೂ ತೂಗಿ ನೋಡಿದ. ಜೇಲಿನಿಂದ ಒಂದಲ್ಲ ಒಂದು ದಿನ ಬಿಡುಗಡೆ ಆದರೂ ಆಗುತ್ತದೆ.

"ಏನೋ ಪೀರ್ಯಾ, ಡಬ್ಬಿ ಮುಂದ ಹೆಣ ಕಾಯೋರಂಗ ಕುಂತೀದಿ?" ಪಕ್ಕದ ಮನೆಯ ಸಾಬಮ್ಮ ಬಾಗಿಲಿನಿಂದಲೇ ಕೂಗಿದಳು.

"ಸಣ್ಣಗ ಮಾತಾಡಬೇ ಯಮ್ಮಾ. ಇದರಾಗ ಸಲಾಮಿ ಅದ."

ಸಾಬಮ್ಮ ಒಳಗೆ ಬಂದು ಕದ ಹಾಕಿದಳು. "ಅಯ್ಯ ಶಿವನ. ಮೊನ್ನೆ ಕುಸನೂರಾಗ ಒಬ್ಬಾಂವ ಆ ಪದ ಬರೇ ಗುನುಗಿದ್ದಕ್ಕ ಹಿಡಕೊಂಡು ಹೋಗ್ಯಾರಂತ. ಉಗುರು ಕಿತ್ತಾರಂತ. ಹಲ್ಲೂ ಕಿತ್ತಾರಂತ. ಈಗ ಅಂವಗ ಗಂಜೀನೂ ಅಗಿಲಾಕ ಬರಂಗಿಲ್ಲಂತ."

"ನೀ ನೋಡೀಯೇನು?"

"ನೋಡಿದಾಕಿ ನನಗ ಹೇಳಿದಾಕಿಗೆ ಹೇಳ್ಯಾಳ."

ಪೀರಪ್ಪ ನಾಲಿಗೆಯಿಂದ ತನ್ನ ಹಲ್ಲುಗಳನ್ನು ಎಣಿಸಿಕೊಂಡ. ಸಾಬಮ್ಮ ಹಿತ್ತಿಲ ಬಾಗಿಲಿನಿಂದ ಗಡಿಯಾರ ರಿಪೇರಿಯ ಗುಲಾಮ್ ರಸೂಲ್‌ನನ್ನು ಎಳೆದು ತಂದಳು.

"ಚಾಚಾ, ಇದರ ಹಾಡು ಬದಲ್ ಮಾಡ್ರಿ," ಎಂದ ಪೀರಪ್ಪ.

"ಬದಲ್ ಆಗಂಗಿಲ್ಲ ಬೇಟಾ. ಮುಳ್ಳು ಕಿತ್ತರ ಹಾಡು ಹೋಗ್ತದ."

"ಹಂಗಾರ ಕೀಳ್ರಿ."

ಗುಲಾಮ್ ರಸೂಲ್ ಚಿಮಟವನ್ನು ಅವನ ಕೈಗೇ ಇಟ್ಟ. "ನೀನೇ ಕೀಳಪ್ಪ. ನಿನಗ ಹಿಡಿದ್ರ ಎರಡು ಬಡಿದು ಬಿಡ್ತಾರ. ನನಗ ಹಿಡಿದ್ರ..." ಮಾತು ನಿಲ್ಲಿಸಿ ಕದದ ಅಗಳಿಯತ್ತ ನೋಡಿದ. ಸಾಬಮ್ಮ ಎದ್ದು ಹೋಗಿ ಅದನ್ನು ಇನ್ನೊಮ್ಮೆ ಬಿಗಿ ಮಾಡಿದಳು.

ಪೀರಪ್ಪ ನಾಲ್ಕಾರು ಮುಳ್ಳು ಕಿತ್ತ. ಸದ್ದು ಹೊರಗೆ ಹೋಗದಂತೆ ಮೂವರೂ ಕೌದಿ ಹೊದ್ದು ಅದರೊಳಗೆ ಮುಚ್ಚಳ ತೆಗೆದರು.

"ಇನ್ನೂ ಸಲಾಮಿನೇ ಅದ," ಎಂದಳು ಸಾಬಮ್ಮ.

ಮತ್ತೊಂದಿಷ್ಟು ಕಿತ್ತ. ಮತ್ತೆ ಕೌದಿ.

"ಈಗ ನೆಗಡಿ ಬಂದ ಸಲಾಮಿ."

ಕಿತ್ತೂ ಕಿತ್ತೂ ಹೊತ್ತು ನೆತ್ತಿಗೇರುವಷ್ಟರಲ್ಲಿ ಉರುಳೆ ಬೋಳಿಸಿದ ತಲೆಯ ಹಾಗೆ ನುಣ್ಣಗಾಯಿತು. ಈಗ ಮುಚ್ಚಳ ತೆಗೆದರೆ ಟಿಕ್ ಟಿಕ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ.

"ಮೋಟಾರ್‌ನ್ಯಾಗ ಕುಲುಕಿ ಕೆಟ್ಟದಂತ ಹೇಳು," ಎಂದಳು ಸಾಬಮ್ಮ. "ನಿಮ್ಮತ್ತಿ ಡ್ರೈವರಗ ಬೈತಾಳ, ನೀ ಪಾರು."

ಪೀರಪ್ಪ ಡಬ್ಬಿಯನ್ನು ಚೀಲದಲ್ಲಿಟ್ಟು ಮೋಟಾರು ಹತ್ತಿದ. ಕಮಲಾಪುರ ಬರುವವರೆಗೂ ಎದೆ ಹಗುರಾಗಿತ್ತು. ಊರ ಮುಂದೆ ಮಿಲ್ಟ್ರಿಯವರು ರಸ್ತೆಗೆ ಅಡ್ಡ ಕಂಬ ಹಾಕಿದ್ದರು. ಮೋಟಾರು ಧಡಕ್ಕನೆ ನಿಂತಿತು. ಚೀಲದೊಳಗೆ ಡಬ್ಬಿಯ ಮುಚ್ಚಳ ತೆರೆದುಕೊಂಡಿತು.

ಟಿಕ್ ಟಿಕ್ ಟಿಕ್ ಟಿಕ್.

ತಪಾಸಣೆಗೆ ಹತ್ತಿದ ಸಿಪಾಯಿ ಚೀಲಕ್ಕೆ ಕಿವಿ ಕೊಟ್ಟ. ಅವನ ಮುಖ ಸುಣ್ಣವಾಯಿತು. "ಬಾಂಬ್," ಎಂದ.

ಕಣ್ಣು ಮಿಟುಕಿಸುವುದರೊಳಗೆ ಮೋಟಾರು ಬರಿದಾಯಿತು. ದಪ್ಪ ಹೊಟ್ಟೆಯ ಸಾಹುಕಾರನೊಬ್ಬ ಬೆಕ್ಕೂ ತೂರದ ಕಿಟಕಿಯಿಂದ ತೂರಿ ಹೋದ. ಕೆಂಪು ಬಾಳೆಹಣ್ಣು ಮಾರುವವರು, ಟಾಂಗಾದವರು, ಅಳಿಯನನ್ನು ಕರೆಯಲು ಬಂದಿದ್ದ ಭೀಮಬಾಯಿ, ಎಲ್ಲರೂ ಗೋಡೆಯ ಹಿಂದೆ, ಗಾಡಿಯ ಕೆಳಗೆ ಕುಕ್ಕರುಗಾಲಲ್ಲಿ ಅಡಗಿದರು. ನಡುರಸ್ತೆಯಲ್ಲಿ ಉಳಿದವನು ಪೀರಪ್ಪ ಒಬ್ಬನೇ. ಚೀಲದಿಂದ ತೆಗೆದ ಡಬ್ಬಿ ಅಂಗೈ ಮೇಲೆ, ಸುತ್ತ ಬಂದೂಕು.

"ಬಾಂಬಲ್ರೀ ಸಾಹೇಬ್ರ, ಬಾಜಾ ಡಬ್ಬಿ ರೀ. ಹಾಡ್ತದ ರೀ," ಎಂದ.

ಸಿಪಾಯಿಗಳ ಮೇಲಿನ ಸಾಹೇಬ ಎಲ್ಲೋ ಹಿಮಾಲಯದ ಬುಡದಿಂದ ಬಂದವನು. ಹಾಡು ಎಲ್ಲಿ ಎಂದು ಹಿಂದೂಸ್ತಾನಿಯಲ್ಲಿ ಕೇಳಿದ.

"ಕಿತ್ತೀನ್ರೀ."

ಯಾಕೆ ಕಿತ್ತೆ ಎಂದರೆ ಪೀರಪ್ಪ ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿದ. ಸಾಹೇಬ ಬಂದೂಕು ಅವನ ಎದೆಗೆ ಹಿಡಿದ. ಡಬ್ಬಿಯಲ್ಲಿದ್ದ ಹಾಡನ್ನು ಹಾಡಿ ತೋರಿಸು. ಹಾಡಿದರೆ ಬಾಜಾ, ಹಾಡದಿದ್ದರೆ ಬಾಂಬು ಎಂದ.

ಬೇರೆ ಯಾವುದಾದರೂ ಪದ ನೆನಪಾಗಲೆಂದು ಪೀರಪ್ಪ ಎಲ್ಲ ದೇವರನ್ನೂ ಬೇಡಿದ. ಬೆಳಗಿನಿಂದ ಕೌದಿಯೊಳಗೆ ಕೇಳಿದ್ದು ಅದೊಂದೇ. ತಾಯಿ ಹಾಡಿದ ಜೋಗುಳ ಕೂಡ ತಲೆಯಿಂದ ಓಡಿಹೋಗಿತ್ತು. ಕಣ್ಣು ಮುಚ್ಚಿ ಸಲಾಮಿಯನ್ನೇ ಗುನುಗಿದ.

ಸಾಹೇಬ ಆ ಧಾಟಿ ಕೇಳಿದವನಲ್ಲ. ಮೆಲ್ಲಗೆ ತಲೆದೂಗತೊಡಗಿದ. ಆದರೆ ಅಡಗಿ ಕುಳಿತ ಜನ ಕೇಳಿದವರು. ಸಾಲೆಯಲ್ಲಿ, ಕಚೇರಿಯಲ್ಲಿ ಆ ಧಾಟಿ ಬಂದೊಡನೆ ಎದ್ದು ನಿಂತು ನಿಂತು ಮೈ ಪಳಗಿತ್ತು. ಬುದ್ಧಿ ಬೇಡವೆನ್ನುವ ಮೊದಲೇ ಮೊಣಕಾಲು ಎದ್ದವು. ಗೋಡೆಯ ಹಿಂದಿನವರು, ಗಾಡಿಯ ಕೆಳಗಿನವರು ಒಬ್ಬೊಬ್ಬರಾಗಿ ನೆಟ್ಟಗೆ ನಿಂತು ಹಣೆಗೆ ಕೈ ಒಯ್ದರು.

ಇವರೆಲ್ಲ ಯಾಕೆ ಎದ್ದರು ಎಂದು ಸಾಹೇಬ ಕೇಳಿದ.

"ದೇವರ ಪದ ರೀ ಸಾಹೇಬ್ರ," ಎಂದಳು ಭೀಮಬಾಯಿ, ಹಣೆಯ ಮೇಲಿನ ಕೈಯನ್ನು ಹಾಗೇ ಮುಗಿಯುತ್ತ. "ಕುಂತು ಕೇಳಿದ್ರ ಪಾಪ ಹತ್ತತದ."

ಸಾಹೇಬನೂ ಟೊಪ್ಪಿಗೆ ತೆಗೆದು ನಿಂತು ಪೂರ್ತಿ ಕೇಳಿದ. ಪೀರಪ್ಪನ ಬೆನ್ನು ಚಪ್ಪರಿಸಿದ. ನಾಳೆ ಮುಂಜಾನೆ ಇಲ್ಲೇ ಝಂಡಾ ಏರಿಸುತ್ತೇವೆ, ಇದನ್ನೇ ಗಟ್ಟಿಯಾಗಿ ಹಾಡಬೇಕು ಎಂದ. ಬಡಾ ಸಾಹೇಬರು ಬರುತ್ತಾರೆ, ಹೈದರಾಬಾದಿನಲ್ಲೇ ಹುಟ್ಟಿ ಬೆಳೆದವರು, ಇಲ್ಲಿಯ ಹಾಡು ಒಂದೂ ಬಿಡದೆ ಬಲ್ಲರು, ಕೇಳಿ ಬಹಳ ಖುಷಿಪಡುತ್ತಾರೆ. ಗಾಯಕರು ಅಲ್ಲಿಯವರೆಗೆ ಎಲ್ಲೂ ತಪ್ಪಿಸಿಕೊಳ್ಳಬಾರದೆಂದು ಇಬ್ಬರು ಸಿಪಾಯಿಗಳನ್ನೂ ಜೊತೆ ಮಾಡಿದ.

ಪೀರಪ್ಪ ಬಂದ ಮೋಟಾರಿನ ಕಡೆಗೇ ತಿರುಗಿದ. ಭೀಮಬಾಯಿ ರೆಟ್ಟೆ ಹಿಡಿದೆಳೆದು ಕಿವಿಯಲ್ಲಿ ಹೇಳಿದಳು, "ನಾಳಿಂದು ನಾಳಿಗೆ ನೋಡೂಣು ಅಳಿಯಂದ್ರ. ಆಯೇರಿ ಮಾತ್ರ ಇವತ್ತೇ ಮಾಡಿಬಿಡ್ರಿ."