ಬೆಸುಗೆಯ ಪಕ್ಕದ ಜಾಗ

ದೇವರು ಕೆಲವರಿಗೆ ಕಟ್ಟುವ ಕೆಲಸ ಕೊಡುತ್ತಾನೆ, ಕೆಲವರಿಗೆ ಮುರಿಯುವ ಕೆಲಸ. ನನ್ನ ಪಾಲಿಗೆ ಬಂದದ್ದು ಎರಡನೆಯದು. ಆಕ್ಲೆಂಡಿನ ಒಂದು ಪ್ರಯೋಗಾಲಯದಲ್ಲಿ ಬೆಸೆದ ಅಲ್ಯೂಮಿನಿಯಂ ತುಂಡುಗಳನ್ನು ಯಂತ್ರದ ಬಾಯಿಗೆ ಕೊಟ್ಟು, ಎರಡೂ ಕಡೆಯಿಂದ ಎಳೆಸಿ, ಎಲ್ಲಿ ತುಂಡಾಯಿತೆಂದು ನೋಡುವುದೇ ನನ್ನ ಹೊಟ್ಟೆಪಾಡು. ಕ್ರೂರವೆನಿಸಬಹುದು, ಆದರೆ ಇದರಷ್ಟು ಕನಸಿನಂಥ ಕೆಲಸ ಬೇರಿಲ್ಲ. ತುಂಡುಗಳನ್ನು ಬೆಸೆಯುವಾಗ ಕಪ್ಪು ಗಾಜಿನ ಹಿಂದೆ ನಿಂತರೆ, ವಿದ್ಯುತ್ ಕಿಡಿ ಸಣ್ಣ ನೀಲಿ ಹೂವಾಗಿ ಅರಳುತ್ತದೆ. ಅದರಡಿ ಲೋಹ ಕರಗಿ, ಪುಟ್ಟ ಬೆಳ್ಳಿಯ ಕೊಳವೊಂದು ಮೆಲ್ಲಗೆ ಮುಂದೆ ಸರಿಯುತ್ತದೆ. ನೋಡುತ್ತ ನೋಡುತ್ತ ನಾನೂ ಅದರ ಜೊತೆ ಎಲ್ಲಿಗೋ ಹೋಗಿಬಿಡುತ್ತೇನೆ. ಯಾರಾದರೂ ಭುಜ ತಟ್ಟಿ ಊಟಕ್ಕೆ ಕರೆಯಬೇಕು.

ಆದರೆ ಈ ವಿದ್ಯೆ ಮನುಷ್ಯನನ್ನು ನೆಮ್ಮದಿಯಾಗಿರಲು ಬಿಡುವುದಿಲ್ಲ. ಗಟ್ಟಿ ಮಾಡಿದ ಅಲ್ಯೂಮಿನಿಯಂ ಬೆಸುಗೆಯಲ್ಲಿ ಮುರಿಯುವುದಕ್ಕಿಂತ ಅದರ ಪಕ್ಕದಲ್ಲಿ ಮುರಿಯುವುದೇ ಹೆಚ್ಚು. ಕಾರ್ಖಾನೆಯವರು ಕಾಯಿಸಿ, ತಣಿಸಿ, ಹದ ಮಾಡಿ ತಂದ ಬಲವನ್ನು ಬೆಸುಗೆಯ ಬಿಸಿ ಒಂದು ಗಳಿಗೆಯಲ್ಲಿ ಇಳಿಸಿಬಿಡುತ್ತದೆ. ಅವರ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಇಷ್ಟು ತಿಳಿದ ಮೇಲೆ ಲೋಹದ ಕುರ್ಚಿಯಲ್ಲಿ ಸುಮ್ಮನೆ ಕೂರುವುದು ಹೇಗೆ? ಮೈಸೂರಿನಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ನಾನು ಕುರ್ಚಿ ತಿರುಗಿಸಿ ಅದರ ಕಾಲು ನೋಡುತ್ತಿದ್ದಾಗ ಸೋದರತ್ತೆ ಬಡಿಸುವವನಿಗೆ, "ಇವನಿಗೆ ಬೇಗ ಬಡಿಸಪ್ಪ, ಇಲ್ದಿದ್ರೆ ಚಪ್ಪರಾನೂ ಬಿಚ್ಚಿ ನೋಡ್ತಾನೆ" ಎಂದಿದ್ದರು.

ಇಂಥವನ ಹೆಂಡತಿ ಹೋದ ಬೇಸಿಗೆಯಲ್ಲಿ ಒಂದು ಹಳೆಯ ಅಲ್ಯೂಮಿನಿಯಂ ದೋಣಿ ಕೊಂಡು ತಂದಳು. ಶೈಲಾ ಮೀನು ಹಿಡಿಯುವವಳಲ್ಲ, ತಿನ್ನುವವಳೂ ಅಲ್ಲ. ಹಿಲ್ಸ್‌ಬರೋದ ನಮ್ಮ ಮನೆಯ ಅಡುಗೆಮನೆ ಕಿಟಕಿಯಿಂದ ಮನುಕಾವ್ ಕೊಲ್ಲಿ ಕಾಣುತ್ತದೆ. ನೀರಿಳಿದಾಗ ಬರೀ ಕೆಸರು. ಏರಿದಾಗ ಆಕಾಶವೇ ಕೆಳಗೆ ಬಂದು ಮಲಗಿದ ಹಾಗೆ. "ಅಲ್ಲಿ ಹೋಗಿ ಕಾಫಿ ಕುಡೀಬೇಕು, ನಾವಿಬ್ರೇ" ಎಂದಳು. ದೋಣಿಯ ಹಿಂಬದಿಯಲ್ಲಿ ಬಿರುಕಿತ್ತು. ಹುಬ್ಬಳ್ಳಿಯಿಂದ ಬಂದು ಇಲ್ಲಿ ವರ್ಕ್‌ಶಾಪ್ ಇಟ್ಟಿರುವ ರಫೀಕ್ ಅದನ್ನು ತನ್ನ ಯೂಟ್ ಗಾಡಿಯ ಮೇಲೆ ಹಾಕಿಕೊಂಡು ಹೋಗಿ ಬೆಸೆದು ತಂದ. ಮೀನಿನ ಹುರುಪೆಯಂತೆ ಸಾಲುಸಾಲಾಗಿ ಕೂತ ಚೆಂದದ ಬೆಸುಗೆ.

ನಾನು ಭೂತಗನ್ನಡಿ ತಂದೆ. ರಫೀಕ್ ಕೈಕಟ್ಟಿ ನಿಂತ. "ನಾ ಹಚ್ಚಿದ್ದು ಬಿಡಂಗಿಲ್ರೀ ಸರ್" ಎಂದ.

"ನೀನು ಹಚ್ಚಿದ್ದು ಬಿಡಲ್ಲಪ್ಪ, ಪಕ್ಕದ್ದು ಬಿಟ್ರೆ?"

"ಹಂಗಾರ ಹೆಂಗ್ ಗೊತ್ತಾಗಬೇಕ್ರೀ?"

ಪ್ರಯೋಗಾಲಯದಲ್ಲಿ ನಾವು ಮಾಡುವುದನ್ನೇ ಹೇಳಿದೆ. ಆ ಭಾಗದಿಂದ ಒಂದು ಪಟ್ಟಿ ಕತ್ತರಿಸಿ ತೆಗೆದು, ಎಳೆದು ಮುರಿದು ನೋಡಿದರೆ ಖಚಿತವಾಗಿ ಗೊತ್ತಾಗುತ್ತದೆ. ರಫೀಕ್ ದೋಣಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಆಮ್ಯಾಲೆ ಕುಂದ್ರೂದು ಎಲ್ರೀ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಶೈಲಾ ಕೊಟ್ಟ ಚಹಾ ಕುಡಿದು ಹೋದ.

ಆಮೇಲೆ ಪ್ರತಿ ಭಾನುವಾರವೂ ದೋಣಿಯನ್ನು ನೀರಿಗಿಳಿಸದಿರಲು ನನಗೊಂದು ಕಾರಣ ಸಿಕ್ಕಿತು. ಒಮ್ಮೆ ಗಾಳಿ, ಒಮ್ಮೆ ಉಬ್ಬರವಿಳಿತದ ಹೊತ್ತು ಸರಿಯಿಲ್ಲ, ಒಮ್ಮೆ ಸುಮ್ಮನೆ ಇನ್ನೊಂದು ಸಲ ನೋಡಬೇಕೆಂಬ ಆಸೆ. ದೋಣಿ ಹುಲ್ಲಿನ ಮೇಲೆಯೇ ಇತ್ತು. ಮಗಳು ಹಾದುಹೋಗುತ್ತ, "ಅಪ್ಪಾ, ಜಸ್ಟ್ ಗೆಟ್ ಇನ್" ಎನ್ನುವಳು. ಕೊನೆಗೊಂದು ಬೆಳಿಗ್ಗೆ ಶೈಲಾ ದೋಣಿಯನ್ನು ರಫೀಕನಿಗೇ ಕೊಟ್ಟುಬಿಡುವುದಾಗಿ ಹೇಳಿದಳು. ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆದರಿಸಿತು.

"ನಂಗೆ ದೋಣಿ ಹುಚ್ಚೇನಿಲ್ಲ ಕಣ್ರೀ" ಎಂದಳು. "ಮನೇಲಿ ನೀವು ಐದು ನಿಮಿಷ ಕೂತ್ರೆ ಎದ್ದು ಹೋಗ್ತೀರ. ಕೂತಿದ್ರೂ ಇಲ್ಲಿರಲ್ಲ. ಎದ್ದು ಹೋಗಕ್ಕಾಗ್ದೇ ಇರೋ ಜಾಗ ಒಂದು ಬೇಕಿತ್ತು, ಅಷ್ಟೆ."

ನನಗೆ ನಾಚಿಕೆಯಾಯಿತು. ದುಃಖವೂ ಆಯಿತು. ಹೋಗಿ ಲೈಫ್ ಜಾಕೆಟ್ ತೊಟ್ಟೆ.

ನೀರು ತುಂಬಿತ್ತು, ಗಾಳಿಯಿರಲಿಲ್ಲ. ದಡದ ಮರಗಳು ಮೊದಲು ಸಣ್ಣದಾದವು, ಆಮೇಲೆ ಮಸುಕಾದವು. ಶೈಲಾ ಹುಟ್ಟು ಒಳಗಿಟ್ಟಳು. ಬೆಸುಗೆ ನನ್ನ ಬೆನ್ನ ಹಿಂದೆಯೇ ಇತ್ತು. ತಿರುಗಿ ನೋಡಬಾರದೆಂದು ದವಡೆ ಕಚ್ಚಿ ಕೂತೆ. ಕಾಫಿ ಮುಗಿಯಿತು. ದೋಣಿ ತನ್ನಷ್ಟಕ್ಕೆ ತಿರುಗುತ್ತಿತ್ತು, ನಮ್ಮ ಮನೆಯ ಗುಡ್ಡ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುತ್ತಿತ್ತು.

"ಏನಾದ್ರೂ ಮಾತಾಡಿ" ಎಂದಳು.

ನಾನು ಯೋಚಿಸಿದೆ. ಇಷ್ಟು ವರ್ಷ ಸಂಸಾರ ಮಾಡಿಯೂ, ನೀರಿನ ನಡುವೆ ಹೆಂಡತಿಯ ಎದುರು ಕೂತು ಹುಡುಕಿದರೆ, ಅಲ್ಯೂಮಿನಿಯಂ ಬಿಟ್ಟು ನನ್ನಲ್ಲಿ ಇನ್ನೊಂದು ಮಾತಿರಲಿಲ್ಲ. ಅವಳಿಗೆ ಅರ್ಥವಾಯಿತೋ ಏನೋ, "ಹೋಗ್ಲಿ, ಅದನ್ನೇ ಹೇಳಿ" ಎಂದು ಪಕ್ಕಕ್ಕೆ ಬಂದು ಕೂತಳು. ನೀಲಿ ಹೂವಿನಿಂದ ಶುರು ಮಾಡಿದೆ. ಬೆಳ್ಳಿಯ ಕೊಳದ ಬಗ್ಗೆ ಹೇಳಿದೆ. ಅವಳು ನಿಜವಾಗಿಯೂ ಕೇಳುತ್ತಿದ್ದಳು, ಒಂದೆರಡು ಪ್ರಶ್ನೆಯನ್ನೂ ಕೇಳಿದಳು. ಬಿಸಿಗೆ ಲೋಹ ಮೆತ್ತಗಾಗುವ ಭಾಗಕ್ಕೆ ಬರುವಷ್ಟರಲ್ಲಿ ನನ್ನ ಹೆಗಲಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಇಷ್ಟು ವರ್ಷ ಕಲಿತ ವಿದ್ಯೆಯಿಂದ ಒಬ್ಬರಿಗಾದರೂ ವಿಶ್ರಾಂತಿ ಸಿಕ್ಕಿತು. ಹೆಗಲು ಜೋಮು ಹಿಡಿಯಿತು, ಅಲುಗಾಡಲಿಲ್ಲ. ಎದ್ದು ಹೋಗಬೇಕೆಂದು ಅನ್ನಿಸಲೂ ಇಲ್ಲ. ಅನ್ನಿಸಿದ್ದರೂ ಸುತ್ತ ನೀರಿತ್ತು, ನನಗೆ ಈಜು ಬರುವುದಿಲ್ಲ.