ಎಮ್ಮೆಗಳ ಹೆಸರಿನಲ್ಲಿ ಬಂದ ರೂಟರ್

ವೈಫೈ ಕೂಡ ನೀರಿನ ಹಾಗೆ ಪೈಪಿನಲ್ಲೇ ಹರಿಯುತ್ತದೆಂದು ನಂಬಿರುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ. ಅವರು ಜುಗೂಳದ ನಮ್ಮ ಕಾಕಾ. ನಾನಿಲ್ಲಿ ಬರೆಯುವುದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಕೊಟ್ಟಿಗೆಯಲ್ಲಿದ್ದದ್ದು ಎರಡು ಎಮ್ಮೆಯೋ ಮೂರೋ, ಈಗ ಖಾತ್ರಿಯಿಲ್ಲ. ಕಾಕಾನ ವಿಷಯದಲ್ಲಿ ಮಾತ್ರ ಏನನ್ನೂ ಹೆಚ್ಚಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ಹೊಳೆಯಿಂದ ಕಬ್ಬಿನ ಹೊಲದವರೆಗೆ ಪೈಪ್‌ಲೈನ್ ಎಳೆದು ನೀರು ತಂದವರು ಅವರು. ಏಳನೆಯ ತರಗತಿಗೇ ಶಾಲೆ ಬಿಟ್ಟವರು. ಶಾಲೆಯ ಮಾತು ಬಂದರೆ ಎದ್ದು ಹೊಲಕ್ಕೆ ಹೋಗಿಬಿಡುತ್ತಾರೆ. ಮನೆಯಲ್ಲಿ ನೆಟ್ ನಿಂತಾಗಲೆಲ್ಲ ಅವರ ತೀರ್ಪು ಒಂದೇ: “ಪೈಪಿನಾಗ ಗಾಳಿ ಸೇರೈತಿ.” ರೂಟರಿನ ವಾಯರ್ ಕಿತ್ತು, ಗಾಳಿ ಹೋಗಲು ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಚುಚ್ಚುತ್ತಾರೆ. ನಾನು ಎಂ.ಎಸ್ಸಿ. ಓದಿದವಳು. ಇದು ತಪ್ಪೆಂದು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ನೆಟ್ ಬಂದಿರುತ್ತದೆ. ಏನು ಮಾಡುವುದು?

ತೊಂದರೆ ಶುರುವಾದದ್ದು ಕಾಕಿ ಹತ್ತನೆಯ ತರಗತಿಯ ಪರೀಕ್ಷೆಗೆ ಕಟ್ಟಿದ ಮೇಲೆ. ಲಗ್ನಕ್ಕೆಂದು ಶಾಲೆ ಬಿಟ್ಟಿದ್ದ ಅವರು, ಮನೆಗೆ ಸೊಸೆ ಬರುವ ವಯಸ್ಸಿನಲ್ಲಿ ಮೊಬೈಲಿನಲ್ಲಿ ಗಣಿತದ ಪಾಠ ನೋಡತೊಡಗಿದರು. ರೂಟರ್ ಇದ್ದದ್ದು ಪಡಸಾಲೆಯಲ್ಲಿ; ಕಾಕಾನನ್ನು ಕಾಣಲು ಬಂದವರು ಕೂರುತ್ತಿದ್ದದ್ದೂ ಅಲ್ಲೇ.

“ಏನ್ ವೈನಿ, ಸಾಹೇಬ್ರ ಆಗಾಕತ್ತೀರೇನು?” ಎಂದು ಅವರಲ್ಲೊಬ್ಬರು ಕಾಕಿಯನ್ನು ನೋಡಿ ನಕ್ಕರು.

ಮರುದಿನದಿಂದ ಕಾಕಿ ಪುಸ್ತಕ ಹಿಡಿದು ಹಿತ್ತಿಲ ಕೊಟ್ಟಿಗೆಗೆ ಹೋದರು. ಎಮ್ಮೆಗಳು ನಗುವುದಿಲ್ಲ ನೋಡಿ. ಆದರೆ ಸಿಗ್ನಲ್ ಅಡುಗೆಮನೆ ದಾಟುತ್ತಿರಲಿಲ್ಲ. ಪಾಠದ ಬದಲು ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು. ಪರೀಕ್ಷೆ ಹತ್ತಿರ ಬರುತ್ತಿತ್ತು. “ಬಿಡ್ರಿ, ನನಗ್ಯಾಕ ಬೇಕಿತ್ತು ಇದು” ಎಂದುಬಿಟ್ಟರು ಕಾಕಿ.

ಕಾಕಾ ಕಾಗವಾಡಕ್ಕೆ ಹೋಗಿ ಎರಡನೇ ರೂಟರ್ ತಂದರು. ಮೊದಲಿನದರ ಸಿಗ್ನಲ್ ಹಿಡಿದು ಮುಂದಕ್ಕೆ ಬಿಡುವಂತೆ ಅಂಗಡಿಯವರೇ ಸೆಟ್ ಮಾಡಿಕೊಟ್ಟಿದ್ದರು. ಇದೇಕೆ ಎಂದು ಪಡಸಾಲೆಯವರು ಕೇಳಿದರು.

“ಎಮ್ಮಿಗೋಳಿಗೆ ಕ್ಯಾಮೆರಾ ಹಚ್ಚಾಂವ ಅದೀನಿ.”

“ಎಮ್ಮಿ ಏನ್ ಓಡಿ ಹೋಗತಾವೇನ್ರಿ?”

“ಹೋಗೂದಿಲ್ಲ. ಆದ್ರ ಒಳಗ ಕುಂತ ಏನ್ ವಿಚಾರ ಮಾಡತಾವ, ಯಾರಿಗ್ ಗೊತ್ತು?”

ರೂಟರನ್ನು ಎಮ್ಮೆಯ ನೆತ್ತಿಯ ಮೇಲಿನ ತೊಲೆಗೆ ಕಟ್ಟಿದರು. ದೀಪ ಮಿನುಗಿತು, ನೆಟ್ ಬರಲಿಲ್ಲ. ಎರಡು ದಿನ ಕಾಕಾ ಗಾಳಿ ತೆಗೆದದ್ದೇ ತೆಗೆದದ್ದು. ಕೊನೆಗೆ ಕಾಕಿ ಸೆಗಣಿ ಬುಟ್ಟಿ ಇಳಿಸಿ ಹೇಳಿದರು:

“ಅಲ್ರಿ, ಬತ್ತಿದ ಬಾವ್ಯಾಗ ಮೋಟರ್ ಇಳಿಸಿ ನೀರ್ ಬರವಲ್ದು ಅಂದ್ರ ಹೆಂಗ? ನೀರ್ ಮುಟ್ಟೂ ಜಾಗಾದಾಗ ಇಡ್ರಿ. ಅಲ್ಲಿಂದ ಮುಂದಕ್ಕ ಅದು ದಬ್ಬತೈತಿ.”

ಈ ಮಾತು ಹೇಳಿದವಳು ನಾನೇ ಎಂದು ನನ್ನ ಡೈರಿಯಲ್ಲಿದೆ. ಅದಕ್ಕೇ ನನಗೆ ಆ ಡೈರಿಯ ಮೇಲೆಯೇ ಅನುಮಾನ.

ರೂಟರ್ ಅಡುಗೆಮನೆಯ ಕಿಟಕಿಗೆ, ಉಪ್ಪಿನಕಾಯಿ ಭರಣಿಯ ಪಕ್ಕಕ್ಕೆ ಬಂತು. ಕೊಟ್ಟಿಗೆಗೆ ಬೀಜಗಣಿತ ಸರಾಗವಾಗಿ ಹರಿದು ಬಂತು. ಕ್ಯಾಮೆರಾ ಮಾತ್ರ ಇವತ್ತಿಗೂ ಬಂದಿಲ್ಲ.

ಮೊನ್ನೆ ಹೋದಾಗ ಕೊಟ್ಟಿಗೆಯಲ್ಲಿ, ಎಮ್ಮೆ ಮೇಯುವ ಗೋದಲಿಯ ಕಟ್ಟೆಯ ಮೇಲೆ ಎರಡು ನೋಟುಬುಕ್ಕುಗಳಿದ್ದವು. ಒಂದರಲ್ಲಿ ಕಾಕಿಯ ದುಂಡು ಅಕ್ಷರ. ಇನ್ನೊಂದರಲ್ಲಿ, ಎರಡು ನಳ ಸೇರಿ ಒಂದು ಟಾಕಿಯನ್ನು ಎಷ್ಟು ಹೊತ್ತಿನಲ್ಲಿ ತುಂಬುತ್ತವೆ ಎಂಬ ಲೆಕ್ಕ. ಹಾಳೆ ಹರಿಯುವಷ್ಟು ಒತ್ತಿ ಬರೆದಿದ್ದ ಉತ್ತರ ಸರಿಯಾಗಿಯೇ ಇತ್ತು. ಅದರ ಕೆಳಗೊಂದು ಸಾಲು: ‘ಮೊದಲಿಗೆ ಪೈಪಿನ ಗಾಳಿ ತಗೀಬೇಕು.’

ಕಾಕಾ ಆ ಕಡೆ ಎಮ್ಮೆಗೆ ಮೇವು ಹಾಕುತ್ತಿದ್ದರು.

“ಕಾಕಾ, ಬರೂ ವರ್ಷ ನೀವೂ ಪರೀಕ್ಷಾಕ್ಕ ಕುಂಡ್ರಾವ್ರೇನು?”

ಕಾಕಾ ಮೇವು ಹಾಕಿದ ಎಮ್ಮೆಗೇ ಮತ್ತೆ ಮೇವು ಹಾಕುತ್ತ ನಿಂತರು. ಶಾಲೆಯ ಮಾತು ಬಂದರೂ ಹೊಲದ ಕಡೆ ಮಾತ್ರ ಹೋಗಲಿಲ್ಲ.